ಹಿಂದಿನ ಸ್ಟ್ರಟ್ ಬದಲಿಸುವ ಕ್ರಮ: ಮೇಲಿನ ನಟ್ಟಿಗೆ ಅವಸರ ಬೇಡ, ಕೆಳಗಿನ ಬೋಲ್ಟಿಗೂ ಬೇಡ

ಕಾರಿನ ಹಿಂದಿನ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದಾಗಿರುವ ಜೋಡಿ) ಬದಲಿಸುವಾಗ ಕೆಲಸ ಕೆಡುವುದು ಹೆಚ್ಚಾಗಿ ಎರಡೇ ಕಡೆ: ಮೇಲಿನ ನಟ್ಟನ್ನು ಬೇಗ ಬಿಚ್ಚುತ್ತಾರೆ, ಕೆಳಗಿನ ಬೋಲ್ಟನ್ನು ಬೇಗ ಬಿಗಿಯುತ್ತಾರೆ. ಮೊದಲನೆಯದರಿಂದ ಮನುಷ್ಯನಿಗೆ ಅಪಾಯ, ಎರಡನೆಯದರಿಂದ ಆ ಬೋಲ್ಟು ಹಾಯುವ ಕಣ್ಣಿನೊಳಗೆ ಹೊಸದಾಗಿ ಹಾಕಿದ ರಬ್ಬರ್ ಬುಷ್ ಒಂದು ಮಳೆಗಾಲ ಕಳೆಯುವುದರೊಳಗೆ ಹರಿಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟದ ಮನೆಗಳಲ್ಲಿ ಅಡಿಕೆ ಒಣಗಿಸುವ ಅಂಗಳವೇ ಬೇಸಿಗೆಯ ಕೊನೆಗೆ ಗ್ಯಾರೇಜಾಗುವುದುಂಟು. ಅಲ್ಲಿ ಈ ಕೆಲಸಕ್ಕೆ ಕೈಹಾಕಿದವರು ಉಳಿದೆಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿ ಈ ಎರಡರಲ್ಲಿ ಎಡವುವುದನ್ನು ನೋಡಿ ನೋಡಿ ಈ ಲೇಖನ ಬರೆಯಬೇಕೆನಿಸಿತು.

ಮೊದಲು ಕಾರಿನ ಕೆಳಗೆ ಮಲಗಿ, ಹಿಂಭಾಗದಲ್ಲಿ ಯಾವ ಬಗೆಯ ಜೋಡಣೆ ಇದೆ ಎಂದು ನೋಡಿಕೊಳ್ಳಬೇಕು. ಸ್ವಿಫ್ಟ್‌ನಂತಹ ಕಾರುಗಳಲ್ಲಿ ಹಿಂದಿನ ಎರಡು ಗಾಲಿಗಳನ್ನು ಟಾರ್ಷನ್ ಬೀಮ್ ಎಂಬ ಒಂದು ಅಡ್ಡತೊಲೆ ಜೋಡಿಸಿರುತ್ತದೆ. ಪ್ರತಿ ಗಾಲಿಯ ಬಳಿಯೂ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬೇರೆ ಬೇರೆಯಾಗಿ ಕೂತಿರುತ್ತವೆ. ಅಲ್ಲಿ ಸ್ಪ್ರಿಂಗಿನ ತಂಟೆಗೆ ಹೋಗದೆಯೇ ಶಾಕ್ ಅಬ್ಸಾರ್ಬರ್ ಒಂದನ್ನೇ ಬದಲಿಸಬಹುದು. ಟಾಟಾ ಇಂಡಿಕಾದಂತಹ ಕಾರುಗಳಲ್ಲಿ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್‌ನ ಮೇಲೆಯೇ ಏರಿ ಕೂತಿರುತ್ತದೆ. ಈ ಜೋಡಿಯನ್ನೇ ಇಲ್ಲಿ ಸ್ಟ್ರಟ್ ಎಂದು ಕರೆಯುತ್ತಿದ್ದೇನೆ, ಲೇಖನವೂ ಮುಖ್ಯವಾಗಿ ಇದರ ಕುರಿತದ್ದೇ.

ಸ್ಟ್ರಟ್ ಹೋಗಿದೆಯೇ ಎಂದು ತಿಳಿಯಲು ಡಿಕ್ಕಿಯನ್ನು ಒತ್ತಿ ಕುಣಿಸಿ ನೋಡುವ ಪರೀಕ್ಷೆಯನ್ನು ನಾನು ಹೆಚ್ಚು ನಂಬುವುದಿಲ್ಲ, ಏಕೆಂದರೆ ಅರ್ಧ ಸತ್ತ ಶಾಕ್ ಅಬ್ಸಾರ್ಬರ್ ಕೂಡ ನಿಂತ ಕಾರಿನಲ್ಲಿ ಆ ಪರೀಕ್ಷೆಯನ್ನು ಪಾಸು ಮಾಡುತ್ತದೆ. ಅದರ ಬದಲು ಕೊಳವೆಯ ಮೈ ನೋಡಿ. ತೆಳುವಾದ ಎಣ್ಣೆಯ ಪಸೆ ಇದ್ದರೆ ಚಿಂತೆಯಿಲ್ಲ. ಎಣ್ಣೆ ಇಳಿದು ಅದಕ್ಕೆ ಕೆಂಪು ಮಣ್ಣು ದಪ್ಪಗೆ ಮೆತ್ತಿಕೊಂಡಿದ್ದರೆ ಸೀಲು ಹೋಗಿದೆ ಎಂದೇ ಅರ್ಥ. ಟೈರಿನ ಮೇಲೆ ಕೈಯಾಡಿಸಿದಾಗ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆದಿರುವುದು ಸಿಕ್ಕಿದರೆ ಅದೂ ಗಟ್ಟಿ ಸಾಕ್ಷಿ. ಒಂದೇ ಬದಿಯದು ಹೋಗಿದ್ದರೂ ಎರಡನ್ನೂ ಬದಲಿಸಬೇಕು. ಇಲ್ಲವಾದರೆ ತಿರುವಿನಲ್ಲಿ ಕಾರಿನ ಎಡಬಲಗಳ ವರ್ತನೆ ಬೇರೆ ಬೇರೆಯಾಗುತ್ತದೆ.

ಬಿಡಿಭಾಗ ಕೊಳ್ಳುವಾಗ ಸ್ಟ್ರಟ್‌ನ ಜೊತೆಗೆ ಬಂಪ್ ಸ್ಟಾಪರ್ (ಸ್ಟ್ರಟ್ ಪೂರ್ತಿ ಕುಗ್ಗಿದಾಗ ಬಡಿಯದಂತೆ ತಡೆಯುವ ತುಂಡು), ಧೂಳಿನ ಕವರ್, ಮೇಲಿನ ಮೌಂಟಿಂಗ್ ರಬ್ಬರ್ ಮತ್ತು ಹೊಸ ಲಾಕ್ ನಟ್ಟುಗಳನ್ನೂ ತೆಗೆದುಕೊಳ್ಳಬೇಕು. ಹಳೆಯ ಕೊಳವೆಗೆ ಎಣ್ಣೆ ತುಂಬಿ, ಬೆಸುಗೆ ಹಾಕಿ, ಕಪ್ಪು ಬಣ್ಣ ಬಳಿದು ‘ರೀಕಂಡಿಷನ್’ ಎಂದು ಮಾರುವ ಮಾಲನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಹಾಗೆಯೇ, ಕಾರು ನೆಲಕ್ಕೆ ತಾಗದಂತೆ ಎತ್ತರಿಸುತ್ತದೆ ಎಂದು ಸ್ಪ್ರಿಂಗಿನ ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್‌ಗಳು ನಮ್ಮ ಗುಂಡಿಬಿದ್ದ ರಸ್ತೆಗಳ ದೆಸೆಯಿಂದ ಚೆನ್ನಾಗಿ ವ್ಯಾಪಾರವಾಗುತ್ತವೆ. ಅವು ಸ್ಪ್ರಿಂಗಿನ ಒಂದೆರಡು ಸುತ್ತುಗಳನ್ನು ಕೆಲಸ ಮಾಡದಂತೆ ಕಟ್ಟಿಹಾಕಿ ಉಳಿದ ಸುತ್ತುಗಳ ಮೇಲೆ ಹೊರೆ ಹೇರುತ್ತವೆ. ಹಾಕಿಸಿಕೊಂಡಿದ್ದರೆ ಈ ಸಂದರ್ಭದಲ್ಲೇ ಕಿತ್ತು ಬಿಸಾಡಿ.

ಕೆಲಸದ ಹಿಂದಿನ ದಿನ ಸಂಜೆಯೇ ಕೆಳಗಿನ ಬೋಲ್ಟಿಗೆ ತಂತಿಯ ಬ್ರಷ್ ಹಾಕಿ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿಡಬೇಕು. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಮುತ್ತಲ ಕಾರುಗಳಲ್ಲಿ ಈ ಬೋಲ್ಟು ಬುಷ್‌ನ ಒಳಗಿನ ಕೊಳವೆಗೆ ಕಚ್ಚಿಕೊಂಡಿರುವುದು ಸಾಮಾನ್ಯ. ಮರುದಿನ ಬೆಳಿಗ್ಗೆ ಇನ್ನೊಮ್ಮೆ ಎಣ್ಣೆ ಬಿಡಿ. ಬೋಲ್ಟಿನ ತಲೆ ಸವೆದು ದುಂಡಗಾಗಬಾರದೆಂದಿದ್ದರೆ ಆರು ಮುಖದ ಸಾಕೆಟ್ಟನ್ನೇ ಬಳಸಬೇಕು.

ಗಾಡಿಯನ್ನು ಗಟ್ಟಿಯಾದ ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಗೇರಿಗೆ ಹಾಕಿ, ಮುಂದಿನ ಗಾಲಿಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಹಿಂದಿನ ಗಾಲಿ ಮೇಲೆದ್ದ ಕೂಡಲೇ ಹ್ಯಾಂಡ್ ಬ್ರೇಕಿನ ಹಿಡಿತ ನೆಲಕ್ಕೆ ಇಲ್ಲವಾಗುವುದರಿಂದ ಈ ಅಡೆ ಕಡ್ಡಾಯ. ಜ್ಯಾಕಿನಿಂದ ಎತ್ತಿದ ಮೇಲೆ ತಯಾರಕರು ಗುರುತಿಸಿದ ಜಾಗದಲ್ಲಿ ಜ್ಯಾಕ್ ಸ್ಟ್ಯಾಂಡ್ ಕೊಡಬೇಕು. ಸ್ಟ್ಯಾಂಡಿನ ಬದಲು ಅಂಗಳದ ಮೂಲೆಯಲ್ಲಿ ಬಿದ್ದಿರುವ ಜಂಬಿಟ್ಟಿಗೆ ಕಲ್ಲನ್ನು ಇಡುವುದು ನಮ್ಮ ಕಡೆಯ ರೂಢಿ. ಆ ಕಲ್ಲು ಗೋಡೆಯಲ್ಲಿ ಹರಡಿದ ಭಾರವನ್ನು ಹೊರುತ್ತದೆಯೇ ಹೊರತು, ಕಬ್ಬಿಣದ ಒಂದು ಅಂಚು ಬಂದು ಕೂತರೆ ಸುಳಿವೇ ಕೊಡದೆ ಪುಡಿಯಾಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಕೆಲಸವನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುವುದೇ ಲೇಸು.

ಗಾಲಿ ಕಳಚಿ. ಒಂದು ಬದಿಯ ಕೆಲಸ ಮುಗಿಯುವವರೆಗೂ ಇನ್ನೊಂದನ್ನು ಮುಟ್ಟಬೇಡಿ, ಯಾವುದು ಹೇಗಿತ್ತೆಂದು ಮರೆತರೆ ನೋಡಿಕೊಳ್ಳಲು ಅದು ಇರಲಿ. ಸ್ಟ್ರಟ್‌ಗೆ ಬ್ರೇಕಿನ ಹೋಸ್ ಅಥವಾ ಎಬಿಎಸ್ ವೈರಿನ ಕ್ಲಿಪ್ಪುಗಳಿದ್ದರೆ ಬಿಡಿಸಿ, ಗಾಲಿಯನ್ನು ಕಾರಿನ ಮೈಗೆ ಜೋಡಿಸುವ ಕೆಳತೋಳಿಗೆ ಇನ್ನೊಂದು ಜ್ಯಾಕ್ ಕೊಟ್ಟು ಮೆಲ್ಲನೆ ಆನಿಸಿ. ಈ ಆಸರೆ ಇಲ್ಲದೆ ಕೆಳಗಿನ ಬೋಲ್ಟು ತೆಗೆದರೆ ತೋಳು ಧೊಪ್ಪನೆ ಇಳಿದು ಬ್ರೇಕಿನ ಹೋಸಿಗೆ ಜೋತುಬೀಳುತ್ತದೆ. ಕೆಲವು ಕಾರುಗಳಲ್ಲಿ ಸ್ಟ್ರಟ್‌ನ ಕೆಳತುದಿಯಲ್ಲಿ ಬುಷ್ ಇರುವ ಕಣ್ಣಿನ ಬದಲು, ಗಾಲಿಯ ನಕಲ್‌ಗೆ (ಗಾಲಿಯ ಹಬ್ ಕೂರುವ ಲೋಹದ ಭಾಗಕ್ಕೆ) ಹಿಡಿಯುವ ಎರಡು ಬೋಲ್ಟುಗಳಿರುತ್ತವೆ; ಆಗ ಬಿಚ್ಚುವ ಮೊದಲೇ ಬಣ್ಣದಿಂದ ಗುರುತು ಹಾಕಿಕೊಳ್ಳಿ, ಏಕೆಂದರೆ ಗಾಲಿಯ ವಾಲು ಅಲ್ಲಿಯೇ ತೀರ್ಮಾನವಾಗುತ್ತದೆ.

ಈಗ ಡಿಕ್ಕಿಯ ಒಳಬದಿಯ ಹೊದಿಕೆ ಸರಿಸಿದರೆ ಸ್ಟ್ರಟ್‌ನ ತಲೆ ಕಾಣುತ್ತದೆ. ಅಂಚಿನಲ್ಲಿ ಎರಡೋ ಮೂರೋ ಚಿಕ್ಕ ನಟ್ಟುಗಳು, ನಡುವೆ ಒಂದು ದೊಡ್ಡ ನಟ್ಟು. ಬಿಚ್ಚಬೇಕಾದದ್ದು ಅಂಚಿನವನ್ನು ಮಾತ್ರ. ಅವು ಮೌಂಟಿಂಗನ್ನು ಕಾರಿನ ಮೈಗೆ ಹಿಡಿದಿರುತ್ತವೆ. ನಡುವಿನದು ಅದುಮಿಟ್ಟ ಸ್ಪ್ರಿಂಗ್ ಹಾರಿಹೋಗದಂತೆ ತಡೆದಿರುತ್ತದೆ. ಸ್ಪ್ರಿಂಗ್ ಬೇರೆಯೇ ಇರುವ ಕೆಲವು ಕಾರುಗಳಲ್ಲಿ ಇದೇ ನಡುವಿನ ನಟ್ಟನ್ನು ಬಿಚ್ಚಿ ಶಾಕ್ ಅಬ್ಸಾರ್ಬರ್ ಇಳಿಸುತ್ತಾರೆ. ಅಂಥ ಕಾರಿನ ವಿಡಿಯೊ ನೋಡಿಕೊಂಡು ಇಂಥ ಕಾರಿಗೆ ಪಾನಾ ಹಿಡಿಯುವವರೇ ಅಪಾಯಕ್ಕೆ ಸಿಲುಕುವುದು. ಕೊನೆಯ ಚಿಕ್ಕ ನಟ್ಟು ತೆಗೆಯುವಾಗ ಕೆಳಗೆ ಇನ್ನೊಬ್ಬರು ಸ್ಟ್ರಟ್ ಹಿಡಿದಿರಬೇಕು.

ಇಡೀ ಕೆಲಸದಲ್ಲಿ ಗಡಿಬಿಡಿ ಕೂಡದ ಹಂತ ಇನ್ನು ಮುಂದಿನದು. ಸಣ್ಣ ಕಾರಿನ ಹಿಂದಿನ ಒಂದೊಂದು ಸ್ಪ್ರಿಂಗ್ ಕಾರು ನಿಂತಿರುವಾಗಲೇ ಸುಮಾರು 150ರಿಂದ 200 ಕಿಲೋ ಭಾರ ಹೊತ್ತಿರುತ್ತದೆ. ಸ್ಟ್ರಟ್ ಹೊರಬಂದ ಮೇಲೆ ಆ ಒತ್ತಡ ಇಳಿದರೂ ಪೂರ್ತಿ ಹೋಗಿರುವುದಿಲ್ಲ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸಾಧನವಾದ ಸ್ಪ್ರಿಂಗ್ ಕಂಪ್ರೆಸರ್ ಜೋಡಿಯಾಗಿ ಬರುತ್ತದೆ. ಎರಡನ್ನೂ ಒಂದಕ್ಕೊಂದು ನೇರ ಎದುರಾಗಿ, ಕೊಕ್ಕೆಗಳಿಗೆ ಸಿಗುವಷ್ಟೂ ಹೆಚ್ಚು ಸುತ್ತುಗಳನ್ನು ಹಿಡಿಯುವಂತೆ ಹೂಡಬೇಕು. ಒಂದನ್ನೇ ಹಾಕಿದರೆ ಸ್ಪ್ರಿಂಗ್ ಬಾಳೆಕಾಯಿಯಂತೆ ಬಾಗಿ ಕೊಕ್ಕೆಯಿಂದ ಜಾರುತ್ತದೆ. ಕೊಕ್ಕೆಗೆ ಅಡ್ಡಪಿನ್ನು ಇರುವ ಕಂಪ್ರೆಸರ್ ಸಿಕ್ಕಿದರೆ ಅದನ್ನೇ ಕೊಳ್ಳಿ, ಪಿನ್ನು ಹಾಕಲು ಮರೆಯಬೇಡಿ. ಕಂಪ್ರೆಸರಿನ ಬೋಲ್ಟಿನ ಮರೆಗೆ (ಥ್ರೆಡ್ಡಿಗೆ) ಗ್ರೀಸ್ ಹಚ್ಚಿ, ಕೈಯ ಪಾನಾದಿಂದಲೇ ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು ಎಂಬಂತೆ ಸಮವಾಗಿ ಬಿಗಿಯುತ್ತಾ ಹೋಗಬೇಕು. ನಟ್ಟು ತಿರುಗಿಸುವ ಯಂತ್ರವಾದ ಇಂಪ್ಯಾಕ್ಟ್ ಗನ್ ಹಿಡಿದರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ಮರೆ ಕಾದು ಕಚ್ಚಿಕೊಳ್ಳುವುದೂ ಅಷ್ಟೇ ಬೇಗ. ಈ ಹೊತ್ತಿನಲ್ಲಿ ಸ್ಟ್ರಟ್‌ನ ಎರಡು ತುದಿಗಳ ನೇರಕ್ಕೆ ನಿಮ್ಮ ಮುಖವಾಗಲಿ, ನೋಡಲು ಬಂದ ಮಕ್ಕಳಾಗಲಿ ಇರಕೂಡದು.

ಸ್ಪ್ರಿಂಗ್ ತನ್ನ ಬಟ್ಟಲಿನಿಂದ ಬಿಡಿಸಿಕೊಂಡು ಕೈಯಲ್ಲಿ ಅಲುಗಾಡಿಸಿದರೆ ಸಡಿಲವಾಗಿ ತಿರುಗುವಂತಾದಾಗ ಮಾತ್ರ ನಡುವಿನ ನಟ್ಟಿಗೆ ಕೈಹಾಕಬಹುದು. ನಟ್ಟಿನೊಂದಿಗೆ ಒಳಗಿನ ಸರಳೂ ತಿರುಗತೊಡಗುತ್ತದೆ. ಅದನ್ನು ನಿಲ್ಲಿಸಲು ಸರಳಿನ ತುದಿಯಲ್ಲಿ ಅಲೆನ್ ಕೀ ಕೂರುವ ಕುಳಿಯೋ, ಪಾನಾ ಹಿಡಿಯುವ ಚಪ್ಪಟೆ ಜಾಗವೋ ಇರುತ್ತದೆ. ಪ್ಲಯರ್‌ನಿಂದ ಹೊಳಪಿನ ಸರಳನ್ನೇ ಕಚ್ಚಿಸಿ ಹಿಡಿಯುವ ಅಡ್ಡದಾರಿ ಹಳೆಯ ಸ್ಟ್ರಟ್‌ಗಾದರೆ ನಡೆದೀತು. ಜೋಡಿಸುವಾಗ ಹೊಸದಕ್ಕೂ ಅದನ್ನೇ ಮಾಡಿದರೆ, ಸರಳಿನ ಮೇಲೆ ಬಿದ್ದ ಗೀರು ಮೇಲೆ ಕೆಳಗೆ ಓಡಾಡಿ ಸೀಲನ್ನು ಹರಿದು, ಹೊಸ ಸ್ಟ್ರಟ್ ಕೆಲವೇ ತಿಂಗಳಲ್ಲಿ ಎಣ್ಣೆ ಕಾರುತ್ತದೆ. ಅನುಭವಿ ಮೆಕ್ಯಾನಿಕ್‌ಗಳು ಸ್ಟ್ರಟ್ ಕಾರಿನಲ್ಲಿರುವಾಗಲೇ ಈ ನಟ್ಟನ್ನು ಕಾಲು ಸುತ್ತು ಸಡಿಲಿಸಿಟ್ಟುಕೊಳ್ಳುವುದುಂಟು. ಕಾಲು ಸುತ್ತು ಎಲ್ಲಿಗೆ ಮುಗಿಯುತ್ತದೆಂದು ಕೈಗೆ ಗೊತ್ತಿಲ್ಲದವರಿಗೆ ಆ ಉಪಾಯ ಬೇಡ.

ಇಷ್ಟು ಓದಿ ಎದೆ ಅಳುಕಿದರೆ ಅದಕ್ಕೂ ದಾರಿಯಿದೆ. ಕಳಚಿದ ಸ್ಟ್ರಟ್‌ಗಳನ್ನೂ ಹೊಸ ಭಾಗಗಳನ್ನೂ ಚೀಲಕ್ಕೆ ಹಾಕಿಕೊಂಡು ಶಿವಮೊಗ್ಗದ ಆಟೊ ಕಾಂಪ್ಲೆಕ್ಸ್‌ಗೋ, ಹತ್ತಿರದ ಪೇಟೆಯ ಗ್ಯಾರೇಜಿಗೋ ಹೋಗಿ, ನಿಲುವಿನ ಕಂಪ್ರೆಸರ್ ಇರುವವರಲ್ಲಿ ಸ್ಪ್ರಿಂಗ್ ಬದಲಿಸಿಕೊಂಡು ಬರುವುದು. ನನ್ನನ್ನು ಕೇಳಿದರೆ ಮೊದಲ ಸಲ ಮಾಡುವವರೆಲ್ಲರೂ ಹೀಗೆಯೇ ಮಾಡಬೇಕು. ಮನೆಯಲ್ಲೇ ಮಾಡುವ ಉಳಿದ ಕೆಲಸದಲ್ಲಿ ಕಲಿಯುವುದು ಬೇಕಾದಷ್ಟಿದೆ.

ಹೊಸ ಸ್ಟ್ರಟ್‌ನ್ನು ಜೋಡಿಸುವ ಮುನ್ನ ನೆಟ್ಟಗೆ ನಿಲ್ಲಿಸಿ ಸರಳನ್ನು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆಯಬೇಕು. ಅಂಗಡಿಯಲ್ಲಿ ಮಲಗಿಸಿಟ್ಟಿದ್ದರೆ ಒಳಕೊಳವೆಗೆ ಗಾಳಿ ಸೇರಿರುತ್ತದೆ. ಅದು ಹೋಗದಿದ್ದರೆ ಮೊದಲ ಹಂಪಿನಲ್ಲೇ ಲೊಟಗುಟ್ಟುವ ಸದ್ದು ಬಂದು, ಮಾಲೇ ಸರಿಯಿಲ್ಲ ಎಂದು ಜನ ಅಂಗಡಿಗೆ ಹಿಂದಿರುಗುತ್ತಾರೆ. ಬಂಪ್ ಸ್ಟಾಪರ್, ಕವರ್ ಹಾಕಿ, ಸ್ಪ್ರಿಂಗಿನ ಕೆಳತುದಿಯನ್ನು ಬಟ್ಟಲಿನ ಮೆಟ್ಟಿಲಿಗೆ ಒತ್ತಾಗಿ ಕೂರಿಸಿ, ಮೇಲಿನ ಮೌಂಟಿಂಗಿನ ಬೋಲ್ಟುಗಳು ಕೆಳಗಿನ ಕಣ್ಣಿಗೆ ಹಳೆಯದರಲ್ಲಿದ್ದ ಕೋನದಲ್ಲೇ ಇವೆಯೇ ನೋಡಿ, ಹೊಸ ಲಾಕ್ ನಟ್ಟನ್ನು ಪೂರ್ತಿ ಬಿಗಿದ ಮೇಲಷ್ಟೇ ಕಂಪ್ರೆಸರನ್ನು ಎರಡೂ ಕಡೆ ಸಮವಾಗಿ ಸಡಿಲಿಸಬೇಕು. ಕೊಕ್ಕೆ ತಾಗಿ ಸ್ಪ್ರಿಂಗಿನ ಬಣ್ಣ ಎದ್ದಿದ್ದರೆ ಅಲ್ಲಿಗೆ ಬಣ್ಣ ಬಳಿಯಿರಿ. ನಮ್ಮ ತೇವದಲ್ಲಿ ತುಕ್ಕು ಅಲ್ಲಿಂದಲೇ ಶುರುವಾಗಿ ಸ್ಪ್ರಿಂಗ್ ಸೀಳುತ್ತದೆ.

ಕಾರಿಗೆ ಏರಿಸುವುದು ಸುಲಭ: ಮೇಲಿನ ಚಿಕ್ಕ ನಟ್ಟುಗಳು, ಕೆಳಗಿನ ಬೋಲ್ಟು, ಕ್ಲಿಪ್ಪುಗಳು. ಕೆಳಗಿನ ಕಣ್ಣಿನ ಬೋಲ್ಟನ್ನು ಮಾತ್ರ ಈಗ ಕೈಬಿಗಿ ಮಾಡಿ ಬಿಡಬೇಕು. ಬುಷ್‌ನ ರಬ್ಬರ್ ಹೊರಗಿನ ಮತ್ತು ಒಳಗಿನ ಕೊಳವೆಗಳೆರಡಕ್ಕೂ ಅಂಟಿರುತ್ತದೆ. ಬೋಲ್ಟು ಬಿಗಿದಾಗ ಒಳಕೊಳವೆ ಕದಲದಂತೆ ಸಿಕ್ಕಿಕೊಳ್ಳುತ್ತದೆ, ಅಲ್ಲಿಂದ ಮುಂದೆ ತೋಳು ಅಲುಗಿದಷ್ಟೂ ರಬ್ಬರೇ ತಿರುಚಿಕೊಳ್ಳಬೇಕು. ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲಿರುತ್ತದೆ. ಕಾರು ನಿಂತಿದ್ದರೂ ಅದಕ್ಕೆ ಬಿಡುವಿಲ್ಲ. ಗುಂಡಿ ಸಿಕ್ಕಾಗ ಇನ್ನಷ್ಟು ತಿರುಚಿ, ಕಿರುಗುಟ್ಟಿ, ಕೊನೆಗೆ ಹರಿಯುತ್ತದೆ. ಹೊಸ ಬುಷ್ ಕಳಪೆ ಎಂದು ಬೈಯುವವರಲ್ಲಿ ಹೆಚ್ಚಿನವರು ಮಾಡಿದ್ದು ಇದನ್ನೇ, ಗ್ಯಾರೇಜುಗಳಲ್ಲೂ ಲಿಫ್ಟಿನ ಮೇಲೆಯೇ ಬಿಗಿದು ಕಳಿಸುವವರಿದ್ದಾರೆ. ಆದ್ದರಿಂದ ಸ್ಟ್ಯಾಂಡು ತನ್ನ ಜಾಗದಲ್ಲೇ ಇರುವಂತೆ, ತೋಳಿನ ಕೆಳಗಿನ ಜ್ಯಾಕನ್ನು ಕಾರಿನ ಮೈ ಸ್ಟ್ಯಾಂಡಿನಿಂದ ಕೂದಲೆಳೆಯಷ್ಟು ಏಳುವವರೆಗೆ ಎತ್ತಿ. ಆಗ ತೋಳು ಕಾರು ನಿಂತಾಗಿನ ಮಟ್ಟಕ್ಕೆ ಬಂದಿರುತ್ತದೆ. ಆ ಮಟ್ಟದಲ್ಲಿ, ನಿಮ್ಮ ಕಾರಿನ ಕೈಪಿಡಿ ಹೇಳುವಷ್ಟು ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಸರ್ವೀಸ್ ಗುಂಡಿ ಇರುವವರು ಗಾಲಿ ಹಾಕಿ, ಕಾರನ್ನು ಗುಂಡಿಯ ಮೇಲೆ ತಂದು ಬಿಗಿದರೆ ಇನ್ನೂ ನಿಖರ.

ಇನ್ನೊಂದು ಬದಿಗೂ ಇದೇ ಕ್ರಮ. ಬಳಿಕ ಊರಿನ ಖಾಲಿ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ ಸದ್ದು ಕೇಳಿಸಿಕೊಳ್ಳಿ. ನಕಲ್‌ನ ಎರಡು ಬೋಲ್ಟು ಬಿಚ್ಚಿದ್ದವರು ಅಲೈನ್‌ಮೆಂಟ್ ಮಾಡಿಸಲೇಬೇಕು. ನೂರಿನ್ನೂರು ಕಿಲೋಮೀಟರ್ ಓಡಿದ ಮೇಲೆ, ಆಗುಂಬೆಯ ತಿರುವುಗಳನ್ನೋ ಹುಲಿಕಲ್ ಘಾಟಿಯನ್ನೋ ಇಳಿಯುವ ಯೋಚನೆ ಮಾಡುವ ಮೊದಲು, ಡಿಕ್ಕಿಯ ಅಂಚಿನ ನಟ್ಟುಗಳಿಗೂ ಕೆಳಗಿನ ಬೋಲ್ಟಿಗೂ ಇನ್ನೊಮ್ಮೆ ರೆಂಚು ಹಾಕಿ ನೋಡಿ. ಹಳೆಯ ಸ್ಟ್ರಟ್‌ಗಳನ್ನು ಕೊಯ್ಯುವುದಾಗಲಿ ಒಲೆಯ ಬಳಿ ಇಡುವುದಾಗಲಿ ಕೂಡದು, ಒಳಗೆ ಒತ್ತಡದ ಅನಿಲ ಇರಬಹುದು. ಗುಜರಿಯವನಿಗೆ ಕೊಡುವಾಗ ಈ ಮಾತನ್ನು ಅವನಿಗೂ ಹೇಳಿ ಕೊಡಿ.