ಅನಮೋಡ ಘಾಟಿಯಲ್ಲಿ ಗಾಳಿಯ ಕಾಟ: ಡೀಸೆಲ್ ಲೈನು, ಬ್ರೇಕ್ ಲೈನು

ಹಳೆಯ ಲಾರಿಯ ಮೇಲೆ ಮನೆ ಕಟ್ಟಿಸಿಕೊಂಡು ಫೋಂಡಾ, ವಾಸ್ಕೋ ಕಡೆಯಿಂದ ದೂರ ಹೊರಟವರಿಗೆ ಮೊದಲ ಪರೀಕ್ಷೆ ಮೋಲೆಂ ದಾಟಿದ ಮೇಲೆ ಸಿಗುವ ಅನಮೋಡ ಘಾಟಿ. ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ನಿಂತೇ ಇದ್ದ ಗಾಡಿ ಇಲ್ಲೇ ಬಣ್ಣ ಬಯಲು ಮಾಡುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ಇಳಿದು ನೀರಾಗಿರುತ್ತದೆ, ರಬ್ಬರ್ ಪೈಪು ಬಿರುಕು ಬಿಟ್ಟಿರುತ್ತದೆ. ಬಯಲಲ್ಲಿ ಸರಿಯಾಗಿಯೇ ಓಡಿದ ಇಂಜಿನ್, ಏರಿನಲ್ಲಿ ಹೆಚ್ಚು ಡೀಸೆಲ್ ಬೇಕಾದಾಗ ಉಸಿರು ಕಟ್ಟಿ "ಎಳೀವಲ್ದು" ಅನ್ನಿಸಿಕೊಳ್ಳುತ್ತದೆ.

ಸ್ಪ್ಯಾನರ್ ತೆಗೆಯುವ ಮುಂಚೆ ಹೊಗೆ ನೋಡಿ. ಕಪ್ಪು ಹೊಗೆ ಬಂದು ಎಳೆಯದಿದ್ದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ: ಏರ್ ಫಿಲ್ಟರ್ ಅಥವಾ ಟರ್ಬೊ ಹೋಸ್ ನೋಡಬೇಕು. ಹೊಗೆಯೇ ಇಲ್ಲದೆ ಶಕ್ತಿ ಕುಗ್ಗಿದರೆ ಡೀಸೆಲ್ ಸಾಲುತ್ತಿಲ್ಲ. ನಿಂತ ಇಂಜಿನ್‌ಗೆ ಸೆಲ್ಫ್ ಹೊಡೆದಾಗ ಸೈಲೆನ್ಸರ್‌ನಿಂದ ಏನೂ ಬರದಿದ್ದರೆ ಇಂಜಿನ್‌ನೊಳಗೆ ಡೀಸೆಲ್ ಸಿಂಪಡಿಸುವ ನೋಜಲ್‌ವರೆಗೆ ಡೀಸೆಲ್ ತಲುಪುತ್ತಲೇ ಇಲ್ಲ. ಬಿಳಿ ಹೊಗೆ ಬಂದರೆ ತಲುಪುತ್ತಿದೆ, ಉರಿಯುತ್ತಿಲ್ಲ.

ಡೀಸೆಲ್ ಕೊರತೆ ಎಂದು ಖಾತ್ರಿಯಾದರೆ ಎರಡು ನಿಮಿಷದ ಕೆಲಸ ಮೊದಲು. ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ಸೆಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಉಸಿರುರಂಧ್ರ ಕೆಮ್ಮಣ್ಣಿನಿಂದ ಕಟ್ಟಿದೆ; ಚೊಕ್ಕ ಮಾಡಿದರೆ ಮುಗಿಯಿತು. ಆಮೇಲೆ ನೋಜಲ್‌ಗಳಿಗೆ ಡೀಸೆಲ್ ತಳ್ಳುವ ಇಂಜೆಕ್ಷನ್ ಪಂಪಿನ ಮೇಲಿರುವ ಇಂಜಿನ್ ಸ್ಟಾಪ್ ಲಿವರ್ ಪೂರ್ತಿ ಹಿಂದೆ ಬಂದಿದೆಯೇ ನೋಡಿ. ಕೇಬಲ್ ತುಕ್ಕು ಹಿಡಿದು ಲಿವರ್ ಅರ್ಧದಲ್ಲೇ ನಿಂತಿರುವಾಗ ಗಂಟೆಗಟ್ಟಲೆ ಡೀಸೆಲ್ ಲೈನಿನೊಳಗಿನ ಗಾಳಿ, ಅಂದರೆ ಏರ್ ತೆಗೆಯುವವರು ಎಷ್ಟೋ ಮಂದಿ.

ಇನ್ನು ಸೋರಿಕೆ. ಟ್ಯಾಂಕಿನಿಂದ ಫೀಡ್ ಪಂಪ್‌ವರೆಗಿನ ಲೈನು ಡೀಸೆಲ್ ಎಳೆಯುವ ಲೈನು. ಅಲ್ಲಿ ತೂತಿದ್ದರೆ ಇಂಜಿನ್ ಓಡುವಾಗ ಹನಿ ಹೊರಗೆ ಬೀಳುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಆದ್ದರಿಂದ ಒದ್ದೆ ಜಾಗ ಹುಡುಕಿ ಪ್ರಯೋಜನವಿಲ್ಲ. ರಾತ್ರಿ ನಿಂತಾಗ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುವುದು ಇದರ ಮೊದಲ ಗುರುತು. ಪಂಪಿನ ಮುಂದೆ ಒಂದು ತುಂಡು ಪಾರದರ್ಶಕ ಡೀಸೆಲ್ ಪೈಪ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ.

ಇದಕ್ಕಿಂತ ಖಚಿತವಾದದ್ದು ಕ್ಯಾನಿನ ಪರೀಕ್ಷೆ. 5 ಲೀಟರ್ ಡೀಸೆಲ್ ಕ್ಯಾನನ್ನು ಪಂಪಿಗಿಂತ ಎತ್ತರದಲ್ಲಿ, ಸೈಲೆನ್ಸರ್‌ನಿಂದ ದೂರ ಕಟ್ಟಿ. 2 ಮೀಟರ್ ಪೈಪನ್ನು ನೇರವಾಗಿ ಫೀಡ್ ಪಂಪಿನ ಬಾಯಿಗೆ ಕೊಡಿ. ಇಂಜಿನ್ ಸರಿಯಾಗಿ ಓಡಿದರೆ ತಪ್ಪು ಟ್ಯಾಂಕಿನ ಕಡೆಯದು. ಇಲ್ಲದಿದ್ದರೆ ಫೀಡ್ ಪಂಪ್, ಫಿಲ್ಟರ್ ಅಥವಾ ಅದರಾಚೆಯದು. ಇದೇ ಕ್ಯಾನಿನ ಮೇಲೆ ಘಾಟಿ ದಾಟಲೂಬಹುದು. ಆದರೆ ಹೆಚ್ಚಾದ ಡೀಸೆಲ್ ರಿಟರ್ನ್ ಪೈಪಿನಿಂದ ದೊಡ್ಡ ಟ್ಯಾಂಕಿಗೇ ಹೋಗುವುದರಿಂದ ಕ್ಯಾನು ಲೆಕ್ಕಕ್ಕಿಂತ ಬೇಗ ಖಾಲಿಯಾಗುತ್ತದೆ.

ಡೀಸೆಲ್ ಪೈಪನ್ನು ಕೂಡಿಸುವ ಟೊಳ್ಳು ಬೋಲ್ಟಿನ, ಅಂದರೆ ಬಂಜೋ ಬೋಲ್ಟಿನ ತಾಮ್ರದ ವಾಷರ್ ಒಮ್ಮೆ ಬಿಗಿದ ಮೇಲೆ ಗಡುಸಾಗುತ್ತದೆ, ಮತ್ತೆ ಹಾಕಿದರೆ ಕೂರುವುದಿಲ್ಲ. ಹೊಸದಿಲ್ಲದಿದ್ದರೆ ಹಳೆಯದನ್ನೇ ಒರೆಸಿ, ಗ್ಯಾಸ್ ಒಲೆಯ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ಮೆದುವಾಗುತ್ತದೆ. ಕಬ್ಬಿಣ ನೀರಿಗೆ ಬಿದ್ದರೆ ಗಡುಸಾಗಬಹುದು, ತಾಮ್ರ ಹಾಗಲ್ಲ. ಒಲೆ ಮಾತ್ರ ತೆರೆದ ಡೀಸೆಲ್‌ನಿಂದ ದೂರವಿರಲಿ.

ಈಗ ಏರ್ ತೆಗೆಯುವ ಕ್ರಮ. ಇದು ಮೆಕ್ಯಾನಿಕಲ್ ಇನ್‌ಲೈನ್ ಇಂಜೆಕ್ಷನ್ ಪಂಪಿನ, ಅಂದರೆ ಹಳೆಯ ಬಗೆಯ ಗಾಡಿಗೆ. ಫಿಲ್ಟರಿನ ಕೆಳಗಿನ ಸ್ಕ್ರೂ ಸಡಿಲಿಸಿ ನೀರು ಹೋಗಿ ಚೊಕ್ಕ ಡೀಸೆಲ್ ಬರುವವರೆಗೆ ಬಿಡಿ. ಕೈಯಿಂದ ಡೀಸೆಲ್ ಒತ್ತುವ ಹ್ಯಾಂಡ್ ಪ್ರೈಮರಿನ ಗುಂಡಿ ಬಿಚ್ಚಿ ಒತ್ತುತ್ತಾ, ಟ್ಯಾಂಕಿಗೆ ಹತ್ತಿರದ ಫಿಲ್ಟರಿನ ಮೇಲಿನ, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂವನ್ನು ಒಂದೂವರೆ ಸುತ್ತು ತೆರೆಯಿರಿ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಧಾರೆ ಬರುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು. ಒತ್ತುವುದು ನಿಲ್ಲಿಸಿ ಬಿಗಿದರೆ ಗಾಳಿ ಮತ್ತೆ ಒಳಗೆ. ಆಮೇಲೆ ಎರಡನೇ ಫಿಲ್ಟರ್, ಕೊನೆಗೆ ಇಂಜೆಕ್ಷನ್ ಪಂಪಿನ ಮೇಲಿನ ಸ್ಕ್ರೂ. ಐವತ್ತು ಸಲ ಒತ್ತಿದರೂ ಕೈಗೆ ಬಿಗಿ ಸಿಗದಿದ್ದರೆ ಪ್ರೈಮರ್ ವಾಷರ್ ಸವೆದಿದೆ ಅಥವಾ ಎಳೆಯುವ ಲೈನಿನಲ್ಲಿ ಸೋರಿಕೆ ಉಳಿದಿದೆ. ಮುಗಿದ ಮೇಲೆ ಪ್ರೈಮರ್ ಗುಂಡಿಯನ್ನು ತಿರುಗಿಸಿ ಕೂರಿಸಿ, ಇಲ್ಲದಿದ್ದರೆ ಅಲ್ಲಿಂದಲೇ ಸೋರುತ್ತದೆ.

ಇಷ್ಟಾದರೂ ಸ್ಟಾರ್ಟ್ ಆಗದಿದ್ದರೆ ನೋಜಲ್ ಕಡೆಯ ಪೈಪ್ ನಟ್‌ಗಳನ್ನು ಒಂದೊಂದು ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ 15 ಸೆಕೆಂಡ್ ಸಾಕು, ನಡುವೆ ಒಂದು ನಿಮಿಷ ಬಿಡುವು. ಡೀಸೆಲ್ ಚಿಮ್ಮಿದ ಪೈಪನ್ನು ಬಿಗಿಯುತ್ತಾ ಬನ್ನಿ. ಬೆರಳು ಅಡ್ಡ ಇಡಬೇಡಿ. ಒತ್ತಡದ ಡೀಸೆಲ್ ಚರ್ಮ ತೂರುತ್ತದೆ. ಎಲ್ಲ ನೋಜಲ್‌ಗಳಿಗೂ ಒಂದೇ ಒತ್ತಡದ ಪೈಪಿನಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಇಂಜಿನ್‌ನಲ್ಲಿ, ಅಂದರೆ ಬಿಎಸ್ 6 ಗಾಡಿಗಳಲ್ಲಿ ಮತ್ತು ಅದಕ್ಕೂ ಮುಂಚಿನ ಹಲವು ಗಾಡಿಗಳಲ್ಲಿ, ಈ ನಟ್‌ಗಳನ್ನು ಮುಟ್ಟಲೇಬಾರದು. ಅಲ್ಲಿನ ಒತ್ತಡ 1000 ಬಾರ್ ಮೀರುತ್ತದೆ. ಫಿಲ್ಟರ್‌ವರೆಗೆ ಪ್ರೈಮ್ ಮಾಡುವುದಷ್ಟೇ ನಿಮ್ಮ ಕೆಲಸ.

ಗಾಳಿಯ ಒತ್ತಡದಿಂದ ನಡೆಯುವ ಬ್ರೇಕಿನಲ್ಲಿ ಕಥೆ ಉಲ್ಟಾ: ಗಾಳಿ ಇರಬೇಕಾದ ಕಡೆ ಇರುವುದಿಲ್ಲ. ಒತ್ತಡ ಇಳಿದರೆ ಹಿಂದಿನ ಸ್ಪ್ರಿಂಗ್ ಬ್ರೇಕ್ ತಾನಾಗಿಯೇ ಹಿಡಿದು ಗಾಡಿ ಜಾಮ್. ಚಕ್ರಕ್ಕೆ ಎರಡೂ ಕಡೆ ಮರದ ಅಡ್ಡಗಟ್ಟೆ ಇಟ್ಟ ಮೇಲಷ್ಟೇ ಕೆಳಗೆ ನುಸುಳಿ. ಬುಸುಗುಟ್ಟುವುದು ಯಾವಾಗ ಎಂಬುದೇ ಸುಳಿವು. ಪೆಡಲ್ ಒತ್ತಿದಾಗ ಮಾತ್ರವಾದರೆ ಗಾಳಿ ತುಂಬಿ ಬ್ರೇಕ್ ಹಿಡಿಸುವ ಡಬ್ಬಿಯ, ಅಂದರೆ ಬ್ರೇಕ್ ಚೇಂಬರಿನ ರಬ್ಬರ್ ಪರದೆ (ಡಯಾಫ್ರಂ) ಅಥವಾ ಅದರ ಹೋಸ್. ಹ್ಯಾಂಡ್ ಬ್ರೇಕ್ ಬಿಟ್ಟಾಗ ಮಾತ್ರವಾದರೆ ಸ್ಪ್ರಿಂಗ್ ಕಡೆಯ ಲೈನು. ಸದಾ ಇದ್ದರೆ ಗಾಳಿ ಟ್ಯಾಂಕು, ವಾಲ್ವು, ಕಂಪ್ರೆಸರ್ ಪೈಪು. ಜಾಗ ತೋರಿಸಲು ಸಾಬೂನಿನ ನೀರು ಸಾಕು. ಚಾಸಿಗೆ ಉಜ್ಜಿ ಸವೆದ ನೈಲಾನ್ ಪೈಪನ್ನು ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಒಳಗೆ ಬುಶ್ ಹಾಕಿ, ಪೈಪಿನ ಹೊರ ಅಳತೆಗೆ ಹೊಂದುವ ಹಿತ್ತಾಳೆ ಜಾಯಿಂಟ್ ಕೊಡಿ. ಓರೆಯಾಗಿ ಕತ್ತರಿಸಿದ್ದು ಮತ್ತೆ ಸೋರುತ್ತದೆ. ಗಾಳಿ ಟ್ಯಾಂಕ್ ತುಂಬಿಸಿ, ಇಂಜಿನ್ ಆರಿಸಿ, ಪೆಡಲ್ ಒತ್ತಿ ಹಿಡಿಯಿರಿ: ನಿಮಿಷಕ್ಕೆ 0.2 ಬಾರ್‌ಗಿಂತ ಹೆಚ್ಚು ಇಳಿದರೆ ಕೆಲಸ ಬಾಕಿ ಇದೆ.

ಗಾಳಿ ತುಂಬುವುದೇ ಇಲ್ಲ, ಗಾಡಿಯನ್ನು ತಿರುವಿನಿಂದ ಬದಿಗಾದರೂ ಸರಿಸಬೇಕು ಎಂದರೆ ಸ್ಪ್ರಿಂಗ್ ಚೇಂಬರಿನ ಬೆನ್ನಿನ ತೂತಿಗೆ ಬಿಡುಗಡೆ ಬೋಲ್ಟ್ ತೂರಿಸಿ, ಕಾಲು ಸುತ್ತು ತಿರುಗಿಸಿ ಕೊಕ್ಕೆ ಸಿಕ್ಕಿಸಿ, ನಟ್ ಬಿಗಿಯುತ್ತಾ ಸ್ಪ್ರಿಂಗನ್ನು ಹಿಂದಕ್ಕೆ ಎಳೆಯಿರಿ. ಆಮೇಲೆ ಗಾಡಿಗೆ ಬ್ರೇಕೇ ಇಲ್ಲ ಎಂದುಕೊಂಡೇ ಇನ್ನೊಂದು ವಾಹನಕ್ಕೆ ಗಟ್ಟಿ ರಾಡಿನಿಂದ ಕಟ್ಟಿ ಸರಿಸಬೇಕು, ಇಳಿಜಾರಿನಲ್ಲಿ ಓಡಿಸುವ ಮಾತೇ ಇಲ್ಲ. ಚೇಂಬರಿನ ಸುತ್ತಲ ಕ್ಲಾಂಪನ್ನು ಎಂದಿಗೂ ಬಿಚ್ಚಬೇಡಿ. ಟನ್ನಿಗೆ ಹತ್ತಿರದ ಬಲದ ಸ್ಪ್ರಿಂಗ್ ಒಳಗೆ ಅದುಮಿ ಕೂತಿದೆ.

ಈ ಬೋಲ್ಟ್ ಸಾಮಾನ್ಯವಾಗಿ ಚೇಂಬರಿನ ಪಕ್ಕದ ಜೇಬಿನಲ್ಲೇ ಇರುತ್ತದೆ. ಆದರೆ ಬಾಡಿ ಕಟ್ಟುವವರು ನೀರಿನ ಟ್ಯಾಂಕನ್ನು ಚೇಂಬರಿನ ಬೆನ್ನಿಗೇ ಒತ್ತಿ ಕೂರಿಸಿಬಿಟ್ಟಿರುತ್ತಾರೆ. ಹೊರಡುವ ಮುಂಚೆ ಮನೆಯಂಗಳದಲ್ಲೇ ಒಮ್ಮೆ ಬೋಲ್ಟ್ ತೂರಿಸಿ ನೋಡಿ, ಸ್ಪ್ಯಾನರ್ ತಿರುಗಿಸಲು ಜಾಗ ಇದೆಯೇ ಎಂದು.