ಧಾರವಾಡದ ರಿಪೋರ್ಟ್ ಅಮೆರಿಕದ ಶಾಲೆಯಲ್ಲಿ ಎಷ್ಟು ನಡೆಯುತ್ತದೆ?

ಹುಬ್ಬಳ್ಳಿ, ಗದಗ, ಹಾವೇರಿ ಕಡೆಯಿಂದ ಮಕ್ಕಳ ಜೊತೆ ಅಮೆರಿಕಕ್ಕೆ ಹೋಗುವ ಪಾಲಕರ ಫೈಲಿನಲ್ಲಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನದೋ ಖಾಸಗಿ ಕ್ಲಿನಿಕ್ಕಿನದೋ ಒಂದು ರಿಪೋರ್ಟ್ ಇರುತ್ತದೆ. ಬಿನೆ-ಕಾಮತ್ ಪರೀಕ್ಷೆಯ ಐಕ್ಯೂ, ವಿಎಸ್‌ಎಂಎಸ್ (ದಿನನಿತ್ಯದ, ಸಾಮಾಜಿಕ ಕೌಶಲ ಅಳೆಯುವ ಪರೀಕ್ಷೆ) ಅಂಕ, ಕೊನೆಗೆ ಎರಡು ಸಾಲಿನ ರೋಗನಿರ್ಣಯ, ಜೊತೆಗೆ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು. ಊರಲ್ಲಿ ಈ ಕಾಗದಗಳಿಗೆ ಬೆಲೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ನ್ಯೂನತೆ ಶೇಕಡಾ 40ರ ಗೆರೆ ಮುಟ್ಟಿದರೆ ಎಷ್ಟೋ ಸೌಲಭ್ಯ ಸಿಗುತ್ತವೆ. ಅದೇ ನಂಬಿಕೆಯಿಂದ ಅಲ್ಲಿನ ಶಾಲೆಯಲ್ಲಿ ಕೊಟ್ಟರೆ, ತಗೊಂಡು ಫೈಲಿಗೆ ಸೇರಿಸುತ್ತಾರೆ. ಅಷ್ಟಕ್ಕೇ ನಿಲ್ಲುತ್ತದೆ.

ಅಲ್ಲಿನ ವಿಶೇಷ ಶಿಕ್ಷಣದ ಕಾಯ್ದೆ ಐಡಿಇಎ. 1975ರಲ್ಲಿ ಬಂದದ್ದು, 1990ರಲ್ಲಿ ಈ ಹೆಸರು ಪಡೆದದ್ದು. ಅದು ಎರಡು ಪ್ರಶ್ನೆ ಕೇಳುತ್ತದೆ: ಮಗುವಿಗೆ ಕಾಯ್ದೆ ಹೇಳುವ 13 ವರ್ಗಗಳಲ್ಲಿ ಒಂದರ ನ್ಯೂನತೆ ಇದೆಯೇ? ಇದ್ದರೆ, ಅದರಿಂದಾಗಿ ವಿಶೇಷ ಶಿಕ್ಷಣ ಬೇಕೇ? ಆಟಿಸಂ ಎಂದು ಡಾಕ್ಟರು ಬರೆದದ್ದು ಮೊದಲನೆಯದಕ್ಕೆ ಅರ್ಧ ಉತ್ತರ. ಎರಡನೆಯದಕ್ಕೆ ಉತ್ತರ ತರಗತಿಯೊಳಗೇ ಹುಡುಕಬೇಕು. ಇದನ್ನು ಪಾಲಕರಷ್ಟೇ ಅಲ್ಲ, ಅವರಿಗೆ ರಿಪೋರ್ಟ್ ಬರೆದುಕೊಡುವ ಸೈಕಾಲಜಿಸ್ಟರೂ ತಿಳಿದಿರಬೇಕು.

ಮೊದಲ ಹೆಜ್ಜೆ ಒಂದು ಪತ್ರ. ಟೀಚರ್ ಹತ್ತಿರ ಬಾಯಿಮಾತಲ್ಲಿ ಹೇಳಿ ಕಾಯುತ್ತ ಕೂರಬೇಡಿ. ಪ್ರಿನ್ಸಿಪಾಲರಿಗೂ ಜಿಲ್ಲೆಯ (ಅಲ್ಲಿ ಜಿಲ್ಲೆ ಎಂದರೆ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್) ವಿಶೇಷ ಶಿಕ್ಷಣ ವಿಭಾಗಕ್ಕೂ ಇ-ಮೇಲ್ ಮಾಡಿ: ಮಗುವಿನ ಹೆಸರು, ಹುಟ್ಟಿದ ದಿನ, ತರಗತಿ, ಓದು-ಬರಹ-ವರ್ತನೆಯಲ್ಲಿ ಕಾಣುವ ಮೂರ್ನಾಲ್ಕು ತೊಂದರೆ, ಮತ್ತು "ವಿಶೇಷ ಶಿಕ್ಷಣಕ್ಕಾಗಿ ಪೂರ್ಣ ಮೌಲ್ಯಮಾಪನ ಮಾಡಬೇಕೆಂದು ಕೋರುತ್ತೇವೆ" ಎಂಬ ಒಂದು ವಾಕ್ಯ. ಆಗ ಶಾಲೆ ನಿಮ್ಮ ಸಹಿಗಾಗಿ ಒಪ್ಪಿಗೆ ಪತ್ರ ಕಳಿಸಬೇಕು, ಇಲ್ಲವೇ ಯಾಕೆ ಆಗುವುದಿಲ್ಲ ಎಂದು ಬರಹದಲ್ಲಿ ಕಾರಣ ಕೊಡಬೇಕು. ನೀವು ಸಹಿ ಮಾಡಿದ ಒಪ್ಪಿಗೆ ಅವರ ಕೈ ಸೇರಿದ ದಿನದಿಂದ, ಮೌಲ್ಯಮಾಪನ ಮುಗಿಸಲು ಇರುವ 60 ದಿನದ ಎಣಿಕೆ ಶುರು. ಕೆಲವು ರಾಜ್ಯಗಳದ್ದು ತಮ್ಮದೇ ಲೆಕ್ಕ. ಟೆಕ್ಸಸ್‌ನಲ್ಲಿ ಶಾಲೆ ನಡೆಯುವ 45 ದಿನ. "ಮೊದಲು ಕೆಲವು ತಿಂಗಳು ಹೆಚ್ಚುವರಿ ಪಾಠ ಕೊಟ್ಟು ನೋಡೋಣ" ಎಂದು ತಡ ಮಾಡುವ ಹಾಗಿಲ್ಲ. ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ 2011ರಲ್ಲೇ ಇದನ್ನು ರಾಜ್ಯಗಳಿಗೆ ಬರೆದು ತಿಳಿಸಿದೆ.

ಇನ್ನು ರೊಕ್ಕ ಹೋಗುವ ಜಾಗ. ಇದನ್ನು ಎರಡು ಸಲ ಓದಿ.

ಶಾಲೆ ತಡ ಮಾಡುತ್ತಿದೆ ಎಂದು ಅವಸರಕ್ಕೆ ಬಿದ್ದು ನಮ್ಮವರು ಖಾಸಗಿ ಸೈಕಾಲಜಿಸ್ಟರ ಹತ್ತಿರ ಹೋಗುತ್ತಾರೆ. ಪೂರ್ಣ ಮೌಲ್ಯಮಾಪನಕ್ಕೆ ಸಾವಿರಾರು ಡಾಲರ್. ದಪ್ಪನೆಯ ರಿಪೋರ್ಟ್ ಬರುತ್ತದೆ. ಕಾಯ್ದೆ ಪ್ರಕಾರ ಶಾಲೆ ಅದನ್ನು "ಪರಿಗಣಿಸಬೇಕು". ಒಪ್ಪಲೇಬೇಕೆಂದಿಲ್ಲ, ಹಣ ತುಂಬಿಕೊಡಬೇಕೆಂದೂ ಇಲ್ಲ. ಅದೇ ಮೌಲ್ಯಮಾಪನವನ್ನು ಶಾಲೆ ಪುಕ್ಕಟೆ ಮಾಡಬೇಕು. ಅದು ಸರಿಯಾಗಿಲ್ಲ ಎನಿಸಿದರೆ "ನಿಮ್ಮ ಮೌಲ್ಯಮಾಪನವನ್ನು ಒಪ್ಪುವುದಿಲ್ಲ, ಸರ್ಕಾರಿ ಖರ್ಚಿನಲ್ಲಿ ಐಇಇ ಬೇಕು" ಎಂದು ಬರೆದು ಕೇಳಬಹುದು. ಐಇಇ ಅಂದರೆ ಜಿಲ್ಲೆಯ ನೌಕರರಲ್ಲದ ಹೊರಗಿನವರು ಮಾಡುವ ಸ್ವತಂತ್ರ ಮೌಲ್ಯಮಾಪನ. ಆಗ ಜಿಲ್ಲೆಗೆ ಇರುವುದು ಎರಡೇ ದಾರಿ: ಹಣ ಕೊಡುವುದು, ಇಲ್ಲವೇ ತಮ್ಮದು ಸರಿಯಿದೆ ಎಂದು ಸಾಬೀತು ಮಾಡಲು ತಾವೇ ವಿಚಾರಣೆಗೆ ಅರ್ಜಿ ಹಾಕುವುದು. ಯಾಕೆ ಒಪ್ಪುವುದಿಲ್ಲ ಎಂದು ಅವರು ಕೇಳಬಹುದು. ಕಾರಣ ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಆದರೆ ಶಾಲೆಯ ಮೌಲ್ಯಮಾಪನವೇ ಆಗಿರದಿದ್ದರೆ ಒಪ್ಪುವುದಿಲ್ಲ ಎನ್ನಲು ಏನಿದೆ? ಹೀಗಾಗಿ ಹಕ್ಕು ಇದ್ದೂ ಕೈಗೆ ಸಿಗದೆ ಹೋಗುತ್ತದೆ.

ಇನ್ನೊಂದು ಹಾನಿ ಯಾರಿಗೂ ಹೊಳೆಯುವುದಿಲ್ಲ. ಖಾಸಗಿಯವರು ವಿಸ್ಕ್-5 ಎಂಬ ಬುದ್ಧಿಮಟ್ಟದ ಪರೀಕ್ಷೆ ಮಾಡಿ ಮುಗಿಸಿದ್ದರೆ, ಸ್ವಲ್ಪ ದಿನದಲ್ಲೇ ಶಾಲೆ ಅದನ್ನೇ ಮಾಡಿಸಿದಾಗ ರೂಢಿಯಿಂದ ಅಂಕ ಏರುತ್ತದೆ. ಏರಿದ ಅಂಕ ನೋಡಿ "ತೊಂದರೆ ಇಲ್ಲ" ಎಂಬ ತೀರ್ಮಾನ ಬರಬಹುದು. ಆದ್ದರಿಂದ ಮೊದಲು ಶಾಲೆ, ಆಮೇಲೆ ಹೊರಗಿನವರು.

ಹೊರಗಿನ ಸೈಕಾಲಜಿಸ್ಟರು ಶಾಲೆಯ ಜೊತೆ ಕೆಲಸ ಮಾಡುವ ಕ್ರಮವೂ ಇದೆ. ಇದು ಆ ಸೈಕಾಲಜಿಸ್ಟರಿಗೆ: ಪಾಲಕರಿಂದ ಎರಡೂ ಕಡೆಗೆ ಮಾಹಿತಿ ಕೊಡುವ ಒಪ್ಪಿಗೆ ಪತ್ರ ಮಾಡಿಸಿಕೊಳ್ಳಿ. ಅದಿಲ್ಲದೆ ಸ್ಕೂಲ್ ಸೈಕಾಲಜಿಸ್ಟರು ಫೋನಿನಲ್ಲೂ ಮಗುವಿನ ಬಗ್ಗೆ ಮಾತಾಡುವುದಿಲ್ಲ. ಪರೀಕ್ಷೆಗೆ ಮುಂಚೆಯೇ ಅವರಿಗೆ ಫೋನ್ ಮಾಡಿ, ಯಾವ ಪರೀಕ್ಷೆ ಯಾವಾಗ ಆಗಿದೆ ಎಂದು ಕೇಳಿ. ಟೀಚರ್ ತುಂಬುವ ವರ್ತನೆಯ ಫಾರಂ ಅವರ ಮೂಲಕವೇ ಕಳಿಸಿ. ದಿನ ಗೊತ್ತು ಮಾಡಿಕೊಂಡು ತರಗತಿಯಲ್ಲಿ ಕೂತು ನೋಡಿ: ಓದಿನ ಅವಧಿ ಒಂದು, ಮಕ್ಕಳು ಬಿಡುವಾಗಿರುವ ಹೊತ್ತು ಒಂದು. ತರಗತಿ ನೋಡದೆ ಬರೆದ ರಿಪೋರ್ಟನ್ನು ಐಇಪಿ (ಆ ಮಗುವಿಗಾಗಿಯೇ ಬರೆಯುವ ಶಿಕ್ಷಣ ಯೋಜನೆ) ಸಭೆಯಲ್ಲಿ ಬದಿಗಿಡುವುದು ಬಹಳ ಸುಲಭ.

ಶಿಫಾರಸು ಬರೆಯುವಾಗ "ವಿಶೇಷ ಗಮನ ಕೊಡಬೇಕು" ಎಂದರೆ ಅದನ್ನು ಯಾರೂ ಜಾರಿ ಮಾಡಲಾರರು. "ಮೂರನೇ ತರಗತಿಯ ಗದ್ಯ ಓದುವಾಗ ಅಕ್ಷರ-ಧ್ವನಿ ಜೋಡಿಸಲು ತಡವರಿಸುತ್ತಾನೆ, ವಾರಕ್ಕೆ ನಾಲ್ಕು ದಿನ, 30 ನಿಮಿಷ, ಮೂವರಿಗಿಂತ ಹೆಚ್ಚಿಲ್ಲದ ಗುಂಪಿನಲ್ಲಿ ಪಾಠ ಬೇಕು, ಎರಡು ವಾರಕ್ಕೊಮ್ಮೆ ನಿಮಿಷಕ್ಕೆ ಎಷ್ಟು ಪದ ಓದಿದ ಎಂದು ಎಣಿಸಬೇಕು" ಎಂದು ಬರೆದರೆ ಅದು ಹಾಗೆಯೇ ಐಇಪಿಯ ಗುರಿಯಾಗಬಲ್ಲದು. ಕಾರ್ಯಕ್ರಮದ ಬ್ರಾಂಡ್ ಹೆಸರು ಹಾಕಬೇಡಿ. ವಿಧಾನ ಆರಿಸುವುದು ತಮ್ಮ ಅಧಿಕಾರ ಎಂದು ಜಿಲ್ಲೆ ಹಟ ಹಿಡಿಯುತ್ತದೆ, ಚರ್ಚೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಗುವನ್ನು ಬಲ್ಲ ಪರಿಣತರಾಗಿ ಸೈಕಾಲಜಿಸ್ಟರನ್ನು ಸಭೆಗೆ ಕರೆಯುವ ಹಕ್ಕು ಪಾಲಕರಿಗಿದೆ. ಬರಲಾಗದಿದ್ದರೆ ಫೋನಿನಲ್ಲಿ ಸೇರಿಸಿಕೊಳ್ಳಲು ಮೊದಲೇ ಕೇಳಿ.

ಭಾಷೆಯ ವಿಷಯದಲ್ಲಿ ಪೆಟ್ಟು ಎರಡೂ ಕಡೆಯಿಂದ ಬೀಳುತ್ತದೆ. "ಇಂಗ್ಲಿಷ್ ಹೊಸದು, ಕಲೀತಾನೆ" ಎಂದು ನಿಜವಾದ ತೊಂದರೆಯನ್ನು ಮುಂದೂಡುವವರಿದ್ದಾರೆ. ಬರೀ ಇಂಗ್ಲಿಷ್ ಪರೀಕ್ಷೆ ಮಾಡಿ ಬುದ್ಧಿ ಕಡಿಮೆ ಎಂದು ಬರೆಯುವವರೂ ಇದ್ದಾರೆ. ಸಾಧ್ಯವಿದ್ದಷ್ಟೂ ಮನೆಮಾತಿನಲ್ಲಿ ಪರೀಕ್ಷಿಸಬೇಕು, ಇಂಗ್ಲಿಷ್ ಬಾರದ್ದೇ ಮುಖ್ಯ ಕಾರಣವಾಗಿ ಮಗುವನ್ನು ನ್ಯೂನತೆಯ ವರ್ಗಕ್ಕೆ ಸೇರಿಸಬಾರದು ಎಂದು ನಿಯಮವೇ ಇದೆ. ಕನ್ನಡ ದುಭಾಷಿ ಸಿಕ್ಕರೂ ಮೈಮರೆಯಬೇಡಿ. ಚಿತ್ರ ತೋರಿಸಿದಾಗ ನಮ್ಮ ಕಡೆಯ ಹುಡುಗ ಉಳ್ಳಾಗಡ್ಡಿ, ತಾಟು, ಕಸಬರಿಗಿ ಅಂತಾನೆ. ಈರುಳ್ಳಿ, ತಟ್ಟೆ, ಪೊರಕೆ ನಿರೀಕ್ಷಿಸುವ ದುಭಾಷಿ ಅದನ್ನು ತಪ್ಪೆಂದು ಬರೆದುಬಿಡಬಹುದು. ಮನೆಯಲ್ಲಿ ಬಳಸುವ ನೂರು ಪದಗಳ ಪಟ್ಟಿ ಮುಂಚೆಯೇ ಕೊಟ್ಟಿಡಿ.

ಧಾರವಾಡ, ಹುಬ್ಬಳ್ಳಿಯ ಸೈಕಾಲಜಿಸ್ಟರಲ್ಲಿ ಒಂದು ಕೋರಿಕೆ. ನಮ್ಮ ಮಕ್ಕಳ ಮೇಲೆ ಪ್ರಮಾಣೀಕರಿಸಿದ ಬಿನೆ-ಕಾಮತ್ ಅಂಕವನ್ನು ಅಲ್ಲಿ ಹೋಲಿಸಿ ನೋಡಲಾಗದು. ನಿಮ್ಮ ಕೈಯಲ್ಲಿರುವ ಬೇರೆ ಮಾಹಿತಿ ಅವರಿಗೆ ಎಲ್ಲೂ ಸಿಗದು: ಕನ್ನಡದಲ್ಲಿ ಮೊದಲ ಮಾತು ಎಷ್ಟನೇ ತಿಂಗಳಿಗೆ, ಎರಡು ಪದ ಜೋಡಿಸಿದ್ದು ಯಾವಾಗ, ಅಜ್ಜಿಯ ಮಾತು ತಿಳಿಯುತ್ತದೆಯೇ, ಶಾಲೆಯ ಮಾಧ್ಯಮ ಯಾವುದು, ಎಷ್ಟು ತಿಂಗಳು ಯಾವ ಥೆರಪಿ ಆಯಿತು, ಏನು ಸುಧಾರಿಸಿತು. ಕನ್ನಡದಲ್ಲೂ ಮಾತು ತಡವಾಗಿತ್ತು ಎಂಬ ಒಂದು ಸಾಲು ನಿಮ್ಮ ಇಂಗ್ಲಿಷ್ ರಿಪೋರ್ಟಿನಲ್ಲಿ ಇದ್ದರೆ "ಇಂಗ್ಲಿಷ್ ಹೊಸದು" ಎಂಬ ವಾದ ಬಿದ್ದುಹೋಗುತ್ತದೆ.

ವ್ಯವಸ್ಥೆ ಯಾವುದು ಮೇಲು? ಗಡುವು, ಪುಕ್ಕಟೆ ಮೌಲ್ಯಮಾಪನ, ಪಾಲಕರ ಸಹಿಗಿರುವ ತೂಕ, ಈ ಮೂರರಲ್ಲಿ ಅಮೆರಿಕದ್ದು ನಿಸ್ಸಂಶಯವಾಗಿ ಮೇಲು. ಊರಲ್ಲಿ ಸೈಕಾಲಜಿಸ್ಟರು ಹೆಡ್‌ಮಾಸ್ತರಿಗೆ ನೇರ ಫೋನ್ ಮಾಡಿದರೆ ಮರುದಿನ ಮಗುವಿನ ಜಾಗ ಮೊದಲ ಬೆಂಚಿಗೆ ಬರುತ್ತದೆ. ಅಂಥ ಸಲಿಗೆ ಅಲ್ಲಿಲ್ಲ.

ಕೊನೆಗೆ ಸಣ್ಣವು. ಮೂರು ವರ್ಷದೊಳಗಿನ ಮಗುವಿಗೆ ಶಾಲೆಯನ್ನು ಕಾಯಬೇಡಿ, ರಾಜ್ಯದ, ಪುಟ್ಟ ಮಕ್ಕಳಿಗೆ ಬೇಗ ನೆರವು ಕೊಡುವ ಅರ್ಲಿ ಇಂಟರ್ವೆನ್ಷನ್‌ಗೆ ಹೇಳಿ. ಅಲ್ಲಿ 45 ದಿನದ ಗಡುವು. ವಿಶೇಷ ಶಿಕ್ಷಣ ಬೇಡ, ಹೆಚ್ಚಿನ ಸಮಯದಂಥ ಅನುಕೂಲ ಸಾಕು ಎಂದಾದರೆ 1973ರ ಪುನರ್ವಸತಿ ಕಾಯ್ದೆಯ ಸೆಕ್ಷನ್ 504 ಇದೆ. ಐಇಪಿ ಸಭೆಯಲ್ಲೇ ಸಹಿ ಹಾಕಬೇಕೆಂದಿಲ್ಲ. ಕರಡನ್ನು ಮನೆಗೆ ತಂದು, ನಿಮ್ಮ ಸೈಕಾಲಜಿಸ್ಟರಿಗೆ ತೋರಿಸಿ, ಸೇವೆಯ ನಿಮಿಷಗಳು ಸಭೆಯಲ್ಲಿ ಹೇಳಿದಷ್ಟೇ ಇವೆಯೇ ಎಂದು ಎಣಿಸಿದ ಮೇಲೆ ಹಾಕಿ.