ಎಲ್ಲಿ ಗಿಲೀಟು, ಎಲ್ಲಿ ಲೇಪ, ಎಲ್ಲಿ ರೇಕು?

ಇಂಗ್ಲಿಷಿನ ‘ಗಿಲ್ಟ್’ ಕನ್ನಡದ ಬಾಯಲ್ಲಿ ‘ಗಿಲೀಟು’ ಆಗಿದೆ. ಹಿತ್ತಾಳೆ, ತಾಮ್ರ ಅಥವಾ ಬೆಳ್ಳಿಯ ಮೇಲೆ ಚಿನ್ನದ ತೆಳುವಾದ ಪದರ ಕೂರಿಸುವುದು ಇದರ ಮೂಲಾರ್ಥ. ಆದರೆ ಚಿನ್ನ ಮೇಲಿರುವ ವಸ್ತುವಿಗೆಲ್ಲ ಈ ಪದ ಹೊಂದುವುದಿಲ್ಲ.

ಬರೆಯುವ ಮುನ್ನ, ಚಿನ್ನ ಮೇಲೆ ಕೂತದ್ದು ಹೇಗೆ ಎಂದು ಕೇಳಿಕೊಳ್ಳಬೇಕು. ಚಿನ್ನದ ಲವಣವಿರುವ ದ್ರಾವಣದಲ್ಲಿ ವಸ್ತುವನ್ನು ಮುಳುಗಿಸಿ ವಿದ್ಯುತ್ ಹರಿಸಿ ಪದರ ಕಟ್ಟಿಸಿದ್ದರೆ ‘ಚಿನ್ನದ ಲೇಪ’ ಎನ್ನಬಹುದು. ಆಡುಮಾತಿನಲ್ಲಿ ‘ಚಿನ್ನದ ನೀರು ಹಾಕಿಸುವುದು’ ಎಂದರೂ ಸರಿಯೇ. ಬಡಿದು ಬಡಿದು ತೆಳುವಾಗಿಸಿದ ಹಾಳೆಯನ್ನು ಅಂಟಿಸಿದ್ದರೆ ಅದು ‘ರೇಕು’. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಕಿರೀಟ, ಒಡವೆಗಳ ಉಬ್ಬು ಕೆಲಸದ ಮೇಲೆ ಹೊಳೆಯುವುದು ಇದೇ. ಸುಮಾರು 0.1 ಮೈಕ್ರಾನ್ ದಪ್ಪದ ಈ ಹಾಳೆ ಉಸಿರು ತಾಗಿದರೂ ಹಾರುತ್ತದೆ, ಬೆರಳು ತಾಗಿದರೆ ಅಲ್ಲೇ ಅಂಟಿಕೊಳ್ಳುತ್ತದೆ. ಗಟ್ಟಿ ತಗಡನ್ನು ಹೊದಿಸಿದ್ದರೆ ‘ಹೊದಿಕೆ’ ಅಥವಾ ‘ಕವಚ’ ಎನ್ನಬೇಕು.

ಮುಂದೆ ನೋಡಬೇಕಾದದ್ದು ಪದದ ಧ್ವನಿ. ಹೆಚ್ಚಿನವರು ಎಡವುವುದೂ ಇಲ್ಲಿಯೇ. ‘ಗಿಲೀಟಿನ ಸರ’ ಎಂದೊಡನೆ ಒಳಗಿನದು ಅಗ್ಗದ್ದು, ಹೊರಗಿನದು ತೋರಿಕೆ ಎಂಬ ಸಣ್ಣ ತಾತ್ಸಾರ ಸೇರಿಬಿಡುತ್ತದೆ. ಒಲಿಂಪಿಕ್ಸ್‌ನ ಚಿನ್ನದ ಪದಕವನ್ನೇ ತೆಗೆದುಕೊಳ್ಳಿ. ಅಪ್ಪಟ ಚಿನ್ನದ ಪದಕ ಕೊಟ್ಟದ್ದು 1912ರ ಸ್ಟಾಕ್‌ಹೋಮ್ ಕೂಟದಲ್ಲೇ ಕೊನೆ. ಈಗಿನದು ಬೆಳ್ಳಿಯ ಪದಕ, ಮೇಲೆ ಕನಿಷ್ಠ 6 ಗ್ರಾಂ ಚಿನ್ನ. ಮೂಲಾರ್ಥದ ಪ್ರಕಾರ ಇದೂ ಗಿಲೀಟೇ, ಆದರೂ ಹಾಗೆ ಬರೆದರೆ ಗೆದ್ದವರನ್ನು ಹಂಗಿಸಿದಂತಾಗುತ್ತದೆ. ‘ಚಿನ್ನದ ಲೇಪವಿರುವ ಬೆಳ್ಳಿಯ ಪದಕ’ ಎಂದರೆ ವಿಷಯವೂ ತಿಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಇದೇ ತಾತ್ಸಾರ ಬೇಕಾದಲ್ಲಿ, ಒಳಗೊಂದು ಹೊರಗೊಂದು ಇರುವವರ ನಯವಂತಿಕೆಯನ್ನು ‘ಗಿಲೀಟಿನ ಮಾತು’ ಎನ್ನುವುದಕ್ಕಿಂತ ಚೊಕ್ಕವಾದ ಪ್ರಯೋಗ ನನಗೆ ಕಾಣದು.

‘ಮುಲಾಮು’ ಎಂಬುದಕ್ಕೂ ಲೋಹದ ಲೇಪ ಎಂಬ ಅರ್ಥವಿದೆ. ಆದರೆ ಇಂದಿನ ಓದುಗರಿಗೆ ಅದು ಗಾಯಕ್ಕೆ ಹಚ್ಚುವ ಔಷಧ, ಬಿಡುವುದೇ ಲೇಸು. ‘ಪುಟವಿಟ್ಟ ಚಿನ್ನ’ವನ್ನು ಲೇಪವೆಂದು ಭಾವಿಸಿ ಬಳಸುವವರೂ ಉಂಟು. ಪುಟವಿಡುವುದೆಂದರೆ ಬೆಂಕಿಯಲ್ಲಿ ಕಾಯಿಸಿ ಕಲ್ಮಷ ತೆಗೆಯುವುದು. ಅಲ್ಲಿ ಚಿನ್ನದ ಕೆಳಗೆ ಬೇರೆ ಲೋಹವೇ ಇರುವುದಿಲ್ಲ.